ಸಾವಿರ ಡಾಲರಿನ ಬಾಬು: ರಾಜ್ಯದ ಒಂದು ಕತ್ತರಿ, ಕೌಂಟಿಯ ಹತ್ತು ವರ್ಷದ ಕರಾರು

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಕೌಂಟಿಯಲ್ಲಿ ನಾನು ಬಜೆಟ್ ವಿಭಾಗದಲ್ಲಿದ್ದಾಗ ನಡೆದದ್ದು ಇದು. ಕೌಂಟಿಯ ಹೆಸರಾಗಲಿ ಜನರ ಹೆಸರಾಗಲಿ ಹೇಳುವುದಿಲ್ಲ. ಗುರುತು ಹತ್ತದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಕಾಯ್ದೆ, ತಾರೀಖು, ದರ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ, ಆದರೆ ಮೇಲಿನಿಂದ ನೇಮಕವಾಗಿ ಬರುವ ಜಿಲ್ಲಾಧಿಕಾರಿ ಇರುವುದಿಲ್ಲ. ಹೆಚ್ಚಿನ ಕಡೆ ಜನ ಆರಿಸಿದ ಐವರು ಸೂಪರ್‌ವೈಸರ್‌ಗಳ ಮಂಡಳಿಯೇ ಎಲ್ಲ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಜೈಲು, ಸರಕಾರಿ ವಕೀಲರ ಕಚೇರಿ, ಹಳ್ಳಿರಸ್ತೆ, ಲೈಬ್ರರಿ, ಬಡವರ ನೆರವು, ಸಾಂಕ್ರಾಮಿಕ ರೋಗದ ಕಾವಲು, ಇಷ್ಟೂ ಅದರ ಹೆಗಲ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಇಂಥ 58 ಕೌಂಟಿಗಳಿವೆ.

ಬಜೆಟ್ ಪುಸ್ತಕ ಕೈಗೆತ್ತಿಕೊಂಡರೆ ಭಾರವಾಗಿಯೇ ಇರುತ್ತದೆ. ಅದರೊಳಗಿನ ಬಹುಪಾಲು ದುಡ್ಡು ಮಾತ್ರ ರಾಜ್ಯದಿಂದ, ಕೇಂದ್ರದಿಂದ 'ಇದಕ್ಕೇ' ಎಂದು ಮುದ್ರೆ ಒತ್ತಿಸಿಕೊಂಡು ಬಂದದ್ದು. ಆಹಾರ ನೆರವಿಗೆ ಬಂದ ಹಣದಲ್ಲಿ ಗಸ್ತಿನ ಕಾರಿಗೆ ಪೆಟ್ರೋಲ್ ಹಾಕಿಸುವಂತಿಲ್ಲ. ಮಂಡಳಿ ತನ್ನ ವಿವೇಚನೆಯಂತೆ ಖರ್ಚು ಮಾಡಬಹುದಾದ ದುಡ್ಡು ಸಣ್ಣದೊಂದು ತುಂಡು. ಅದರ ಮುಖ್ಯ ಮೂಲ ಆಸ್ತಿ ತೆರಿಗೆ. 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾಪ ಆ ತೆರಿಗೆಗೂ ಗೂಟ ಹೊಡೆದುಬಿಟ್ಟಿದೆ: ಆಸ್ತಿಯ ಲೆಕ್ಕದ ಬೆಲೆಯ ಮೇಲೆ ಶೇ. 1, ಆ ಬೆಲೆ ಏರುವುದು ವರ್ಷಕ್ಕೆ ಹೆಚ್ಚೆಂದರೆ ಶೇ. 2. ಆಸ್ತಿ ಕೈ ಬದಲಾದಾಗ ಇಲ್ಲವೆ ಹೊಸದಾಗಿ ಕಟ್ಟಡ ಕಟ್ಟಿದಾಗ ಮಾತ್ರ ಹೊಸ ಬೆಲೆ ಕೂರುತ್ತದೆ. ಕೊರತೆ ಬಿತ್ತೆಂದು ಕೌಂಟಿ ತಾನಾಗಿ ದರ ಏರಿಸುವ ಹಾಗಿಲ್ಲ.

ಈ ಗೂಟಕ್ಕಿಂತ ಹಳೆಯದು ವಿಲಿಯಮ್ಸನ್ ಕಾಯ್ದೆ. 1965ರದು, ಕರ್ನ್ ಕೌಂಟಿಯಿಂದ ಆರಿಸಿ ಬಂದಿದ್ದ ಶಾಸಕ ಜಾನ್ ವಿಲಿಯಮ್ಸನ್ ಅವರ ಹೆಸರಿನದು. ಊರುಗಳು ಬೆಳೆಯುತ್ತ ಹೊಲದ ಬೆಲೆ ಸೈಟಿನ ಬೆಲೆಯಾಗುತ್ತಿತ್ತು. ಆ ಬೆಲೆಯ ಮೇಲಿನ ತೆರಿಗೆ ಕಟ್ಟಲಾರದೆ ರೈತರು ಮಾರಿಕೊಂಡು ಹೋಗುತ್ತಿದ್ದರು. ಅದಕ್ಕೆ ಕಾಯ್ದೆ ಹೂಡಿದ ಉಪಾಯ ಹೀಗೆ: ರೈತ ಕೌಂಟಿಯೊಂದಿಗೆ ಹತ್ತು ವರ್ಷದ ಕರಾರು ಮಾಡಿಕೊಳ್ಳುತ್ತಾನೆ, ಜಮೀನನ್ನು ಕೃಷಿಗೆ ಬಿಟ್ಟು ಬೇರೆಯದಕ್ಕೆ ಬಳಸುವುದಿಲ್ಲ ಎಂದು. ಬದಲಿಗೆ ಅವನ ತೆರಿಗೆ ಮಾರುಕಟ್ಟೆ ಬೆಲೆಯ ಮೇಲಲ್ಲ, ಜಮೀನು ಬೆಳೆದುಕೊಡುವ ಆದಾಯದ ಲೆಕ್ಕದ ಮೇಲೆ. ಕರಾರು ಪ್ರತಿ ವರ್ಷ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಅಂದರೆ ಯಾವತ್ತು ನೋಡಿದರೂ ಎದುರಿಗೆ ಒಂಬತ್ತು ಹತ್ತು ವರ್ಷ ಉಳಿದೇ ಇರುತ್ತದೆ. ರಾಜ್ಯದ ಕೃಷಿಭೂಮಿಯ ಸುಮಾರು ಅರ್ಧ, 1.6 ಕೋಟಿ ಎಕರೆ ಆಸುಪಾಸು, ಈ ಕರಾರುಗಳಡಿ ಇತ್ತು.

ಇದರಿಂದ ಕೌಂಟಿಗೆ ತೆರಿಗೆ ಖೋತಾ ಆಗುತ್ತದಲ್ಲ, ಅದನ್ನು ಅಷ್ಟೋ ಇಷ್ಟೋ ತುಂಬಿಕೊಡಲು 1970ರ ದಶಕದ ಆರಂಭದಿಂದ ರಾಜ್ಯ ಒಂದು ಪರಿಹಾರ ಅನುದಾನ ಕೊಡುತ್ತಿತ್ತು. ಒಳ್ಳೆಯ ಜಮೀನಿಗೆ ಎಕರೆಗೆ 5 ಡಾಲರ್, ಹುಲ್ಲುಗಾವಲಿನಂಥದಕ್ಕೆ 1 ಡಾಲರ್. ರಾಜ್ಯದ ಲೆಕ್ಕದಲ್ಲಿ ವರ್ಷಕ್ಕೆ ಮೂರೂವರೆ ಕೋಟಿ ಡಾಲರ್ ಸುತ್ತಮುತ್ತ. ಅಷ್ಟು ದೊಡ್ಡ ಬಜೆಟ್ಟಿನಲ್ಲಿ ಚಿಲ್ಲರೆ. ನಮ್ಮಂಥ ಬೇಸಾಯದ ಕೌಂಟಿಗೆ ಹಾಗಲ್ಲ. ಅದು ಮುದ್ರೆಯಿಲ್ಲದೆ ಬರುತ್ತಿದ್ದ, ಶೆರಿಫ್‌ಗೂ ಲೈಬ್ರರಿಗೂ ಆಗುತ್ತಿದ್ದ ದುಡ್ಡು.

2009ರ ಜುಲೈ

ಮನೆಗಳ ಬೆಲೆ ಕುಸಿದು ರಾಜ್ಯದ ಖಜಾನೆ ಬರಿದಾಗಿತ್ತು. ಮೇ ತಿಂಗಳ ವಿಶೇಷ ಚುನಾವಣೆಯಲ್ಲಿ ಮತದಾರರು ಬಜೆಟ್ ಪ್ರಸ್ತಾಪಗಳನ್ನು ತಳ್ಳಿಹಾಕಿದರು. ಜುಲೈನಲ್ಲಿ ರಾಜ್ಯವೇ ತಾನು ದುಡ್ಡು ಕೊಡಬೇಕಾದವರಿಗೆ ಚೆಕ್ಕಿನ ಬದಲು 'ಮುಂದೆ ಕೊಡುತ್ತೇವೆ' ಎಂಬ ಚೀಟಿ ಕೊಡತೊಡಗಿತ್ತು. ಜುಲೈ 28ರಂದು ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಪರಿಷ್ಕೃತ ಬಜೆಟ್ಟಿಗೆ ಸಹಿ ಹಾಕಿದರು. (ಇಲ್ಲಿನ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಲ್ಲ, ಮುಖ್ಯಮಂತ್ರಿಯ ಜಾಗ.) ಶಾಸಕರು ಪಾಸು ಮಾಡಿದ ಬಜೆಟ್ಟಿನ ಯಾವ ಬಾಬನ್ನು ಬೇಕಾದರೂ ಕಡಿತ ಮಾಡುವ ಅಧಿಕಾರ ಅವರಿಗಿದೆ. ಆ ಕತ್ತರಿಗೆ ಸಿಕ್ಕ ಬಾಬುಗಳಲ್ಲಿ ನಮ್ಮದೂ ಒಂದು. ವಿಲಿಯಮ್ಸನ್ ಅನುದಾನ 1,000 ಡಾಲರಿಗೆ ಇಳಿಯಿತು.

ಓದಿದ್ದು ಸರಿಯೇ ಎಂದು ಎರಡು ಸಲ ನೋಡಿಕೊಂಡೆ. ಸಾವಿರ ಲಕ್ಷವಲ್ಲ, ಸಾವಿರ ಡಾಲರ್. ಯೋಜನೆಯಲ್ಲಿದ್ದ ಐವತ್ತಕ್ಕೂ ಹೆಚ್ಚು ಕೌಂಟಿಗಳಿಗೆ ಹಂಚಿದ್ದರೆ ತಲೆಗೆ 20 ಡಾಲರೂ ಬರುತ್ತಿರಲಿಲ್ಲ. ಸೊನ್ನೆ ಬರೆಯದೆ ಸಾವಿರ ಬರೆದದ್ದು ಬಾಬು ಜೀವಂತ ಇರಲಿ ಎಂದಿರಬೇಕು ಅಂತ ನಮ್ಮ ಕಚೇರಿಯಲ್ಲಿ ಎಲ್ಲರೂ ಅಂದುಕೊಂಡೆವು. ಆ ಊಹೆಯೇ ನಮಗೆ ಮುಳುವಾಯಿತು.

ಹಣಕಾಸು ವರ್ಷ ಜುಲೈ 1ಕ್ಕೇ ಶುರುವಾಗಿತ್ತು. ಜೂನ್‌ನಲ್ಲಿ ಮಂಡಳಿ ಒಪ್ಪಿದ ಕರಡು ಬಜೆಟ್ಟಿನಲ್ಲಿ ಅನುದಾನದ ಅಂಕಿ ಎಂದಿನಂತೆ ಕೂತಿತ್ತು. ಮಂಡಳಿ ನೇಮಿಸಿದ್ದ ಕೌಂಟಿ ಆಡಳಿತಾಧಿಕಾರಿ ನನ್ನನ್ನು ಕರೆದು ಕೇಳಿದ ಮೊದಲ ಮಾತು, "ಇದು ಈ ವರ್ಷದ ಗಾಯವೋ, ಕೈಯೇ ಹೋಯಿತೋ?"

ಮೊದಲ ತಪ್ಪು

ಈ ವರ್ಷದ್ದು ಎಂದೆ. ಕಾರಣವೂ ಇತ್ತು. ಅದೇ ಬಜೆಟ್ಟಿನಲ್ಲಿ ರಾಜ್ಯ ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆಯಲ್ಲಿ ಶೇ. 8ರಷ್ಟನ್ನು ಸಾಲವಾಗಿ ತೆಗೆದುಕೊಂಡಿತ್ತು. ಅದು ಅನುದಾನಕ್ಕಿಂತ ಎಷ್ಟೋ ದೊಡ್ಡ ಹೊಡೆತ. ಆದರೆ ಮೂರು ವರ್ಷದೊಳಗೆ ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದು ರಾಜ್ಯದ ಸಂವಿಧಾನದಲ್ಲೇ ಬರೆದಿತ್ತು. ಬಾಂಡ್ ಮಾರಿ ಕೌಂಟಿಗಳ ಕೈಗೆ ಆ ದುಡ್ಡು ಬರುವ ಏರ್ಪಾಡೂ ಆಯಿತು. ದೊಡ್ಡದೇ ವಾಪಸು ಬಂದಾಗ ಚಿಕ್ಕದು ಬರದೆ ಇರುತ್ತದೆಯೇ ಎಂದು ಲೆಕ್ಕ ಹಾಕಿದೆ. ಒಂದಕ್ಕೆ ಕಾನೂನಿನ ಕಟ್ಟು ಇತ್ತು, ಇನ್ನೊಂದು ಬರೀ ವಾಡಿಕೆ. ಈ ವ್ಯತ್ಯಾಸವನ್ನು ನಾನು ಟಿಪ್ಪಣಿಯಲ್ಲಿ ಒಂದು ಸಾಲಾದರೂ ಬರೆಯಬೇಕಿತ್ತು, ಬರೆಯಲಿಲ್ಲ.

ಹಾಗಾಗಿ ಮೊದಲ ವರ್ಷ ಮೀಸಲು ನಿಧಿಯಿಂದ ತೆಗೆದು ತೂತು ಮುಚ್ಚಿದೆವು. ಶೆರಿಫ್ ಇಲಾಖೆಯ ಖಾಲಿ ಹುದ್ದೆಗಳನ್ನು ತುಂಬದೆ ಬಿಟ್ಟೆವು. ನೌಕರರಿಗೆ ತಿಂಗಳಿಗೊಂದು ಸಂಬಳವಿಲ್ಲದ ರಜೆ. ಲೈಬ್ರರಿಯ ಹಳ್ಳಿ ಶಾಖೆಗಳಿಗೆ ಶನಿವಾರ ಬೀಗ.

ಈ ಕೊನೆಯದು ಪಟ್ಟಿಯಲ್ಲಿ ಎಲ್ಲಕ್ಕಿಂತ ಸಣ್ಣ ಉಳಿತಾಯ, ಆದರೆ ಜನ ಮೊದಲು ಕಂಡದ್ದು ಅದನ್ನೇ. ನನ್ನ ಮನೆಯ ಹತ್ತಿರದ ಶಾಖೆಯ ಗಾಜಿನ ಬಾಗಿಲ ಮೇಲೆ ವೇಳಾಪಟ್ಟಿಯಿತ್ತು. 'ಶನಿವಾರ' ಎಂಬಲ್ಲಿಗೆ ಯಾರೋ ಬಿಳಿ ಟೇಪು ಅಂಟಿಸಿದ್ದರು. ಬಿಸಿಲಿಗೆ ಟೇಪು ಸುರುಟಿಕೊಂಡು ಅಡಿಯ ಅಕ್ಷರ ಅರ್ಧ ಕಾಣುತ್ತಿತ್ತು. ತೋಟದ ಕೂಲಿಗೆ ಹೋಗುವ ಮನೆಗಳ ಮಕ್ಕಳಿಗೆ ಕಂಪ್ಯೂಟರ್ ಸಿಗುತ್ತಿದ್ದದ್ದು ಆ ದಿನ, ಆ ಜಾಗದಲ್ಲಿ.

'ಕರಾರು ಹರಿದುಹಾಕಿ'

ತುಮಕೂರಿನ ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದ ನನ್ನ ಸೋದರಮಾವನಿಗೆ ಫೋನಿನಲ್ಲಿ ಈ ಕಥೆ ಹೇಳಿದೆ. "ಅಲ್ಲ ಕಣೋ, ದುಡ್ ಕೊಡೋನೇ ಕೈ ಎತ್ತಿದ್ಮೇಲೆ ನಿಮಗ್ಯಾಕೆ ಹಂಗು? ನೀವೂ ಕರಾರು ಹರಿದು ಬಿಸಾಕಿ" ಎಂದರು. ನಮ್ಮ ಮಂಡಳಿಯ ಇಬ್ಬರು ಸದಸ್ಯರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. 2010ರಲ್ಲಿ ದಕ್ಷಿಣದ ಇಂಪೀರಿಯಲ್ ಕೌಂಟಿ ತನ್ನೆಲ್ಲ ಕರಾರುಗಳ ನವೀಕರಣ ನಿಲ್ಲಿಸಲು ತೀರ್ಮಾನಿಸಿದ ಮೇಲೆ ಆ ದನಿ ಜೋರಾಯಿತು. ಲೆಕ್ಕ ಹಾಕಿಕೊಂಡು ಬಾ ಎಂದು ನನಗೆ ಆದೇಶವಾಯಿತು.

ಆ ಲೆಕ್ಕವೇ ಈ ಪ್ರಕರಣದ ತಿರುಳು. ಅದಕ್ಕೇ ನಿಧಾನವಾಗಿ ಹೇಳುತ್ತೇನೆ. ಅಂಕಿಗಳು ಅರ್ಥವಾಗಲೆಂದು ನಾನೇ ಕಟ್ಟಿಕೊಂಡವು, ಸೂತ್ರ ಮಾತ್ರ ಕಾಯ್ದೆಯದೇ.

ನೂರು ಎಕರೆ ಬಾದಾಮಿ ತೋಟ. ನಾಲ್ಕೈದು ವರ್ಷದ ಹಿಂದೆ 12 ಲಕ್ಷ ಡಾಲರಿಗೆ ಕೊಂಡದ್ದು ಎಂದಿಟ್ಟುಕೊಳ್ಳಿ. ಕರಾರಿನ ಲೆಕ್ಕದಲ್ಲಿ ಅದರ ಬೆಲೆ 5 ಲಕ್ಷ. ವ್ಯತ್ಯಾಸ 7 ಲಕ್ಷ, ಅದರ ಶೇ. 1 ಅಂದರೆ 7,000 ಡಾಲರ್ ತೆರಿಗೆ ಖೋತಾ. ಆದರೆ ಆಸ್ತಿ ತೆರಿಗೆಯ ಡಾಲರ್ ಕೌಂಟಿಗೊಂದಕ್ಕೇ ಸೇರಿದ್ದಲ್ಲ. ಶಾಲೆಗಳು, ಪುರಸಭೆಗಳು, ಅಗ್ನಿಶಾಮಕ, ನೀರಾವರಿಯಂಥ ಸಂಸ್ಥೆಗಳು ಎಲ್ಲವೂ ಪಾಲುದಾರರು. ಕೌಂಟಿಯ ಪಾಲು ಡಾಲರಿಗೆ 15 ಸೆಂಟ್ ಎಂದುಕೊಂಡರೆ ಅದಕ್ಕೆ ನಿಜವಾಗಿ ಆದ ನಷ್ಟ 1,050 ಡಾಲರ್. ರಾಜ್ಯದಿಂದ ಬರುತ್ತಿದ್ದ ಅನುದಾನ, ಎಕರೆಗೆ 5ರಂತೆ, 500.

ಈಗ ಕರಾರು ನಿಲ್ಲಿಸಿದೆವು ಅನ್ನಿ. ನೋಟಿಸು ಕೊಟ್ಟ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಉಳಿದ ಒಂಬತ್ತು ವರ್ಷ ಅದು ಸವೆಯಬೇಕು, ತೆರಿಗೆ ವರ್ಷವರ್ಷ ಸ್ವಲ್ಪಸ್ವಲ್ಪವೇ ಏರಬೇಕು. ಇಂಪೀರಿಯಲ್‌ನ ಕರಾರುಗಳು ಪೂರ್ತಿ ಮುಗಿದದ್ದು 2018ರ ಕೊನೆಗೆ. ಅಲ್ಲಿಯವರೆಗೆ ಶನಿವಾರದ ಲೈಬ್ರರಿಗೆ ದುಡ್ಡಿಲ್ಲ. ಕೊನೆಗೆ ಬರುವ 7,000ದಲ್ಲಾದರೂ ನಮಗೆ 1,050. ಅತಿ ದೊಡ್ಡ ಪಾಲು ಶಾಲೆಗಳಿಗೆ. ಅದು ಮಕ್ಕಳಿಗೆ ಹೋದರೆ ಸಂತೋಷವೇ, ಆದರೆ ಅಲ್ಲೊಂದು ಗಂಟಿದೆ. ಶಾಲೆಗಳಿಗೆ ಇಂತಿಷ್ಟು ಸಿಗಲೇಬೇಕು ಎಂದು ಸೂತ್ರವಿದೆ. ಸ್ಥಳೀಯ ತೆರಿಗೆ ಕಡಿಮೆ ಬಿದ್ದರೆ ರಾಜ್ಯ ತುಂಬಿಕೊಡುತ್ತದೆ, ಹೆಚ್ಚು ಬಂದರೆ ರಾಜ್ಯ ಅಷ್ಟು ಕಡಿಮೆ ಕೊಡುತ್ತದೆ. ಕೆಲವು ಶ್ರೀಮಂತ ಪ್ರದೇಶಗಳ ಶಾಲೆಗಳನ್ನು ಬಿಟ್ಟರೆ ಎಲ್ಲ ಕಡೆ ಇದೇ ಕಥೆ. ಎಂದರೆ ನಾವು ಕೋಪದಲ್ಲಿ ಕರಾರು ಮುರಿದರೆ, ರೈತನಿಂದ ಬಂದ ದುಡ್ಡಿನ ದೊಡ್ಡ ತುಂಡು ಸುತ್ತಿ ಬಳಸಿ ಸೇರುವುದು ನಮ್ಮ ಅನುದಾನ ಕಸಿದ ಖಜಾನೆಯನ್ನೇ.

ಇನ್ನೂ ಒಂದಿದೆ. ಕರಾರಿನ ಬೆಲೆ, 13ನೇ ಪ್ರಸ್ತಾಪದ ಬೆಲೆ, ಈಗಿನ ಮಾರುಕಟ್ಟೆ ಬೆಲೆ, ಈ ಮೂರರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ತೆರಿಗೆ. 1970ರ ದಶಕದಿಂದ ಒಂದೇ ಮನೆತನದ ಕೈಯಲ್ಲಿರುವ ಜಮೀನಿಗೆ 13ನೇ ಪ್ರಸ್ತಾಪದ ಬೆಲೆ ಎಷ್ಟೋ ಸಲ ಕರಾರಿನ ಬೆಲೆಗಿಂತ ಕೆಳಗಿರುತ್ತದೆ. ಅಂಥ ಕರಾರು ಮುರಿದರೂ ಒಂದೇ ಒಂದು ಸೆಂಟ್ ಹೆಚ್ಚು ಹುಟ್ಟದು. ತೆರಿಗೆ ಮೌಲ್ಯಮಾಪಕರ ಕಚೇರಿಯಿಂದ ಪಟ್ಟಿ ತರಿಸಿ ನೋಡಿದರೆ ನಮ್ಮಲ್ಲಿ ಹಳೆಯ ಮನೆತನಗಳ ಜಮೀನೇ ಜಾಸ್ತಿ.

ಇಷ್ಟನ್ನು ಎರಡು ಪುಟದಲ್ಲಿ ಮಂಡಳಿಯ ಮುಂದಿಟ್ಟಾಗ, ಕರಾರು ಹರಿದುಹಾಕಿ ಎನ್ನುತ್ತಿದ್ದ ಸದಸ್ಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಾಗಾದರೆ ರಾಜ್ಯ ಕೊಟ್ಟ ಮಾತಿಗೆ ಒಂದು ವರ್ಷ ಆಯುಸ್ಸು, ನಾವು ಕೊಟ್ಟದ್ದಕ್ಕೆ ಹತ್ತು" ಎಂದರು. ಮುಂದೆ ಯಾರೂ ಆ ವಿಷಯ ಎತ್ತಲಿಲ್ಲ. ಹೊಸ ಕರಾರಿನ ಅರ್ಜಿಗಳನ್ನು ಮಾತ್ರ ಸದ್ಯಕ್ಕೆ ತೆಗೆದುಕೊಳ್ಳುವುದು ಬೇಡ ಎಂದು ನಿರ್ಣಯವಾಯಿತು.

ಟೆನಿಸ್ ಅಂಗಳದ ತೋಟ

ಅಷ್ಟರಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಇರುವ ಕರಾರುಗಳಲ್ಲಿ ನಿಜಕ್ಕೂ ಬೇಸಾಯ ನಡೆಯುತ್ತಿದೆಯೇ ಎಂದು ಯಾರೂ ವರ್ಷಗಳಿಂದ ನೋಡಿರಲಿಲ್ಲ. ಸಾಮಾನ್ಯವಾಗಿ ಒಳ್ಳೆಯ ಜಮೀನಾದರೆ 10 ಎಕರೆ, ಉಳಿದದ್ದಾದರೆ 40 ಎಕರೆ ಇದ್ದರೆ ಅದು ಬೇಸಾಯಕ್ಕೆ ಸಾಲುವ ತುಂಡು ಎಂಬುದು ಲೆಕ್ಕ. ಅದಕ್ಕಿಂತ ಚಿಕ್ಕವನ್ನೆಲ್ಲ ಹೆಕ್ಕಿ ಇಬ್ಬರು ನೌಕರರು ಪಿಕಪ್ ಗಾಡಿಯಲ್ಲಿ ಹೊರಟರು. ಒಂದು ಕಡೆ 'ತೋಟ' ಎಂದು ದಾಖಲೆಯಲ್ಲಿದ್ದ ಜಾಗದಲ್ಲಿ ಕಂಡದ್ದು ದೊಡ್ಡ ಬಂಗಲೆ, ಈಜುಕೊಳ, ಟೆನಿಸ್ ಅಂಗಳ, ಬೇಲಿಯ ಪಕ್ಕ ನಾಲ್ಕು ನಿಂಬೆ ಗಿಡ. ಇಂಥ ಕರಾರುಗಳಿಗೆ ನವೀಕರಣ ನಿಲ್ಲಿಸುವ ನೋಟಿಸು ಹೋಯಿತು. ಬಂದ ದುಡ್ಡು ಅಷ್ಟಕ್ಕಷ್ಟೆ, ಆದರೆ ರೈತರ ಕಣ್ಣಲ್ಲಿ ಕೌಂಟಿಯ ಮರ್ಯಾದೆ ಹೆಚ್ಚಿತು. ಮುಂದೆ ಅವರ ಕಿಸೆಗೇ ಕೈ ಹಾಕಬೇಕಾಗಿ ಬಂದಾಗ ಇದು ಉಪಯೋಗಕ್ಕೆ ಬಂತು. ಈ ತಪಾಸಣೆಯನ್ನು ಅನುದಾನ ಬರುತ್ತಿದ್ದಾಗಲೇ ಮಾಡಬೇಕಿತ್ತು.

ಬಂತು, ಹೋಯಿತು, ಮತ್ತೆ ಬಂತು

2010ರ ಅಕ್ಟೋಬರಿನಲ್ಲಿ ಎಸ್‌ಬಿ 863 ಎಂಬ ಶಾಸನ ಬಂತು. ರಾಜ್ಯ 1 ಕೋಟಿ ಡಾಲರ್ ಕೊಡುತ್ತದೆ, ಜೊತೆಗೆ ಕೌಂಟಿಗಳಿಗೆ ಒಂದು ಹೊಸ ದಾರಿ. ಹತ್ತು ವರ್ಷದ ಕರಾರನ್ನು ಒಂಬತ್ತಕ್ಕೆ ಇಳಿಸಿ, ಬದಲಿಗೆ ರೈತನ ತೆರಿಗೆ ರಿಯಾಯಿತಿಯಲ್ಲಿ ಹತ್ತನೇ ಒಂದು ಭಾಗ ಹಿಂದಕ್ಕೆ ಪಡೆಯಬಹುದು. ಹಾಗೆ ಬಂದದ್ದು ಶಾಲೆಗೂ ಇಲ್ಲ, ಬೇರೆಯವರಿಗೂ ಇಲ್ಲ, ಪೂರ್ತಿ ಕೌಂಟಿಗೆ. ಈ ಕೊನೆಯ ವಾಕ್ಯ ಬರೆದವರು ಯಾರೋ ನನ್ನಂತೆಯೇ ಕೂತು ಲೆಕ್ಕ ಹಾಕಿದವರು ಎನಿಸಿತು. ನಮ್ಮ ನೂರು ಎಕರೆಗೇ ಬನ್ನಿ: 7 ಲಕ್ಷದ ಹತ್ತನೇ ಒಂದು 70,000, ಅದರ ಶೇ. 1 ಅಂದರೆ 700 ಡಾಲರ್. ಹಳೆಯ ಅನುದಾನದ 500ಕ್ಕಿಂತ ಹೆಚ್ಚು!

ಹಿಗ್ಗಿ ಮುಂದಿನ ವರ್ಷದ ಕರಡಿನಲ್ಲಿ ಬರೆದುಕೊಂಡೆ. 2011ರ ಮಾರ್ಚ್‌ನಲ್ಲಿ ಮತ್ತೊಂದು ಬಜೆಟ್ ಕಟ್ಟು ಬಂದು 1 ಕೋಟಿಯನ್ನೂ ಹೊಸ ದಾರಿಯನ್ನೂ ಒಟ್ಟಿಗೆ ಒರೆಸಿಹಾಕಿತು. ಜುಲೈನಲ್ಲಿ ಎಬಿ 1265 ಎಂಬ ಇನ್ನೊಂದು ಶಾಸನ ಬಂದು ದಾರಿಯನ್ನಷ್ಟೇ ವಾಪಸು ಕೊಟ್ಟಿತು, ದುಡ್ಡಿಲ್ಲದೆ. ಎರಡು ವರ್ಷದಲ್ಲಿ ನಾಲ್ಕನೇ ಸಲ ಆ ಸಾಲನ್ನು ತಿದ್ದಿದೆ. ಆಡಳಿತಾಧಿಕಾರಿ ಹಳೆಯ ಪ್ರಶ್ನೆ ಮತ್ತೆ ಕೇಳಲಿಲ್ಲ. ಅನುದಾನದ ಸಾಲಿನಲ್ಲಿ ಇನ್ನು ಸೊನ್ನೆ ಇರಲಿ, ಬಂದರೆ ಮೀಸಲು ನಿಧಿಗೆ ಎಂದರು. ಮೊದಲ ದಿನವೇ ಆಗಬೇಕಾಗಿದ್ದ ತೀರ್ಮಾನ ಅದು. ಆಗಿದ್ದರೆ ಮೀಸಲು ನಿಧಿಯ ಒಂದು ಭಾಗವಾದರೂ ಉಳಿಯುತ್ತಿತ್ತು.

ವಿಚಾರಣೆ

ಒಂಬತ್ತು ವರ್ಷದ ಕರಾರಿನ ವಿಚಾರಣೆ ಒಂದು ಮಂಗಳವಾರ ಬೆಳಗ್ಗೆ. ಸಭಾಂಗಣದಲ್ಲಿ ಕೂರಲು ಜಾಗವಿರಲಿಲ್ಲ. ರೈತ ಸಂಘದ ಅಧ್ಯಕ್ಷರು ವಿರೋಧಿಸುತ್ತಾರೆಂದೇ ಎಲ್ಲರ ಎಣಿಕೆ. ಅವರು ಎದ್ದು, ಇದು ರಾಜ್ಯ ಮಾಡಬೇಕಾದ ಕೆಲಸವನ್ನು ನಮ್ಮ ತಲೆಗೆ ಕಟ್ಟುವುದು, ಆದರೂ ಕರಾರೇ ಇಲ್ಲದಿರುವುದಕ್ಕಿಂತ ಒಂಬತ್ತು ವರ್ಷದ್ದು ಲೇಸು ಎಂದು ಕೂತರು. ಟೆನಿಸ್ ಅಂಗಳದವರಿಗೆ ಮೊದಲು ನೋಟಿಸು ಕೊಟ್ಟಿದ್ದನ್ನೂ ನೆನೆಸಿದರು.

ಆಮೇಲೆ ಎದ್ದವರು ಪಂಜಾಬಿ ಮೂಲದ ಬಾದಾಮಿ ಬೆಳೆಗಾರರೊಬ್ಬರು. ತೆರಿಗೆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟಿದ್ದರು. ಅದನ್ನು ಬಿಡಿಸಿ ಕೈಯಲ್ಲೇ ಸವರಿ ಸಾಪಾಟು ಮಾಡಿಕೊಂಡು ಮಾತಾಡಿದರು. "ನನ್ನ ಪಕ್ಕದ ತೋಟದವರದು ನನ್ನಷ್ಟೇ ಜಮೀನು. ಅವರ ತಾತ ಕೊಂಡದ್ದು. ಕಾಲುವೆ ಒಂದೇ, ಮಣ್ಣು ಒಂದೇ. ಈ ಹೊಸ ಲೆಕ್ಕದಲ್ಲಿ ಅವರಿಗೆ ಏನೂ ಇಲ್ಲ, ನನಗೆ ಬಿಲ್ಲು. ನಾನು ತಡವಾಗಿ ಬಂದದ್ದೇ ತಪ್ಪೇ?"

ಉತ್ತರ ಯಾರಲ್ಲೂ ಇರಲಿಲ್ಲ. ಅವರು ಹೇಳಿದ್ದು ನಿಜವೇ. ಹಳೆಯ ಜಮೀನಿಗೆ ವ್ಯತ್ಯಾಸವೇ ಇಲ್ಲದ್ದರಿಂದ ಹತ್ತನೇ ಒಂದೂ ಸೊನ್ನೆ. ಹೊರೆ ಬೀಳುವುದೆಲ್ಲ ಇತ್ತೀಚೆಗೆ ಸಾಲ ಮಾಡಿ ಕೊಂಡವರ ಮೇಲೆ, ನಮ್ಮ ಕೌಂಟಿಯಲ್ಲಿ ಅವರಲ್ಲಿ ವಲಸೆ ಬಂದವರು ಬಹಳ. ನನ್ನ ಟಿಪ್ಪಣಿಯಲ್ಲಿ ಒಟ್ಟು ಮೊತ್ತವಿತ್ತು, ಯಾರು ಎಷ್ಟು ಕೊಡುತ್ತಾರೆ ಎಂಬ ಕೋಷ್ಟಕ ಇರಲಿಲ್ಲ. ಹೊರಗೆ ವರಾಂಡದಲ್ಲಿ ಸಿಕ್ಕಾಗ ಅವರು ಹಿಂದಿಯಲ್ಲಿ, "ಬೇಟಾ, ಲೆಕ್ಕ ಸರಿಯಾಗಿದೆ, ನ್ಯಾಯ ಸರಿಯಿಲ್ಲ" ಎಂದು ನಕ್ಕು ಹೋದರು.

ಮೂರಕ್ಕೆ ಎರಡು ಮತದಲ್ಲಿ ನಿರ್ಣಯ ಪಾಸಾಯಿತು. ಒಪ್ಪದ ರೈತರು ತಾವೇ ನವೀಕರಣ ನಿಲ್ಲಿಸಿ ಹೊರಬರಬಹುದಿತ್ತು. ಕೆಲವರು ಹಾಗೆ ಮಾಡಿದರು, ಬಹಳ ಮಂದಿ ಉಳಿದರು.

ಆದದ್ದು

ಬಂದ ಹಣ ನನ್ನ ಮೊದಲ ಅಂದಾಜಿಗಿಂತ ಕಡಿಮೆ. ಹಳೆಯ ಜಮೀನುಗಳ ಸಂಗತಿ ಗೊತ್ತಿದ್ದೂ ಎಷ್ಟು ತುಂಡುಗಳು ಸೊನ್ನೆಗೆ ಬರುತ್ತವೆಂದು ನಾನು ಪೂರ್ತಿ ಲೆಕ್ಕ ಹಿಡಿದಿರಲಿಲ್ಲ. ಹಳೆಯ ಅನುದಾನದ ಒಂದು ಭಾಗ ಕೈಸೇರಿತು. ಸಂಬಳವಿಲ್ಲದ ರಜೆ ಮೊದಲು ನಿಂತಿತು, ಅದಕ್ಕೆ ನೌಕರರ ಸಂಘವಿತ್ತು. ಶೆರಿಫ್‌ಗೆ ಒಂದೆರಡು ಹುದ್ದೆ ಸಿಕ್ಕಿದವು, ಅದಕ್ಕೆ ಶೆರಿಫರ ದನಿಯಿತ್ತು. ಲೈಬ್ರರಿಯ ಶನಿವಾರ ಸರತಿಯ ಕೊನೆಯಲ್ಲಿ ನಿಂತಿತ್ತು. ಅದು ತೆರೆಯುವ ಹೊತ್ತಿಗೆ ನಾನು ಆ ಕೆಲಸ ಬಿಟ್ಟಾಗಿತ್ತು. ಕಡಿತ ಮಾಡುವಾಗ ಎಲ್ಲರಿಗೂ ಸಮಪಾಲು ಎಂದಿದ್ದೆವು, ಮರಳಿ ಕೊಡುವಾಗ ಆ ಮಾತು ಯಾರಿಗೂ ನೆನಪಾಗಲಿಲ್ಲ.

ಇಂಥ ಕೆಲಸದಲ್ಲಿರುವ ಕಿರಿಯರು ಕೇಳಿದರೆ ನಾನು ಹೇಳುವುದು ಒಂದು ಅಭ್ಯಾಸವನ್ನು. ಆದಾಯದ ಪ್ರತಿ ಬಾಬಿನ ಪಕ್ಕ ಎರಡು ಕಾಲಮ್ಮು ಹಾಕಿ: ಕೊಡುವವನು ಎಷ್ಟು ವರ್ಷಕ್ಕೆ ಮಾತು ಕೊಟ್ಟಿದ್ದಾನೆ, ಅದನ್ನು ನಂಬಿ ನಾವು ಎಷ್ಟು ವರ್ಷಕ್ಕೆ ಮಾತು ಕೊಟ್ಟಿದ್ದೇವೆ. ಎರಡನೆಯದು ದೊಡ್ಡದಿರುವ ಸಾಲುಗಳಿಗೆ ಕೆಂಪು ಬಣ್ಣ ಬಳಿಯಿರಿ. 2009ರ ಜೂನ್‌ನಲ್ಲಿ ಯಾರಾದರೂ ಇದನ್ನು ಮಾಡಿಸಿದ್ದರೆ ವಿಲಿಯಮ್ಸನ್ ಸಾಲು ಎಲ್ಲಕ್ಕಿಂತ ಕೆಂಪಗೆ ಕಾಣುತ್ತಿತ್ತು.

ಈಗ ಆ ಕೌಂಟಿಯ ಮುಂದೆ ಬೇರೆ ಅರ್ಜಿಗಳಿವೆ. 2014ರ ಅಂತರ್ಜಲ ಕಾಯ್ದೆಯಿಂದ ಎಷ್ಟೋ ತೋಟಗಳಿಗೆ ಬೋರಿನ ನೀರು ಕಡಿಮೆಯಾಗಲಿದೆ. ನೀರಿಲ್ಲದ ಜಮೀನಿನಲ್ಲಿ ಸೋಲಾರ್ ಹಾಕುತ್ತೇವೆ, ಕರಾರು ಅವಧಿಗೆ ಮೊದಲೇ ರದ್ದು ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಹಾಗೆ ರದ್ದಾದರೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 12.5 ಶುಲ್ಕ ಕಟ್ಟಬೇಕು. ಅರ್ಜಿ ಪರಿಶೀಲಿಸುವುದು, ವಿಚಾರಣೆ ಕರೆಯುವುದು, ಅಕ್ಕಪಕ್ಕದ ರೈತರ ಸಿಟ್ಟು ಕೇಳಿಸಿಕೊಳ್ಳುವುದು ಎಲ್ಲ ಕೌಂಟಿಯ ಕೆಲಸ. ಶುಲ್ಕ ಮಾತ್ರ ರಾಜ್ಯಕ್ಕೆ ಹೋಗುತ್ತದೆ.